ಕೆಲಸ ಬಿಟ್ಟು ಸ್ವಂತ ವಿಡಿಯೊ ಗೇಮ್ ಮಾಡಲು ಕೂರಬಹುದೇ?

ಪರ

ಪರದೆಯ ಮೇಲಿನ ಹುಡುಗಿ ಒಂದು ಗೋಡೆ ಹಾರಬೇಕು. ಬಟನ್ ಒತ್ತಿದ ಎಷ್ಟು ಹೊತ್ತಿಗೆ ಕಾಲು ಮೇಲೇಳಬೇಕು, ಎಷ್ಟು ಎತ್ತರ ಹೋಗಬೇಕು, ಇಳಿದಾಗ ಧೂಳು ಏಳಬೇಕೇ? ಇಷ್ಟೇ ಹದಕ್ಕೆ ಬರಲು ಒಂದು ವಾರ ಹಿಡಿದೀತು. ದಿನವಿಡೀ ಆಫೀಸಿನಲ್ಲಿ ಬಸವಳಿದು ಬಂದು, ರಾತ್ರಿ ಉಳಿದ ಒಂದು ಗಂಟೆಯಲ್ಲಿ ಈ ಕೆಲಸ ಕೈಗೆ ಹತ್ತುವುದಿಲ್ಲ.

ಅಮೆರಿಕದ ಎರಿಕ್ ಬರೋನ್ ಚಿತ್ರ, ಸಂಗೀತ, ಕೋಡ್, ಕಥೆ ಎಲ್ಲವನ್ನೂ ಒಬ್ಬರೇ ಮಾಡಿದರು. ಪಾತ್ರಗಳ ಮುಖಗಳನ್ನು ಎಷ್ಟೋ ಸಲ ಅಳಿಸಿ ಬರೆದರು. ನಾಲ್ಕು ವರ್ಷಕ್ಕೂ ಮೀರಿದ ಆ ದುಡಿಮೆ 2016ರಲ್ಲಿ ‘ಸ್ಟಾರ್‌ಡ್ಯೂ ವ್ಯಾಲಿ’ ಎಂಬ ಗೇಮ್ ಆಗಿ ಹೊರಬಂತು. ಅಂಥ ತಾಳ್ಮೆಗೆ ಯಾವ ಕಂಪನಿಯೂ ಸಂಬಳ ಕೊಡುವುದಿಲ್ಲ.

ಗೇಮ್ ಕಟ್ಟುವ ತಂತ್ರಾಂಶ ಗೋಡಾಟ್, 3ಡಿ ಚಿತ್ರ ಮಾಡುವ ಬ್ಲೆಂಡರ್ ಎರಡೂ ಉಚಿತ. ಕಂಪ್ಯೂಟರ್ ಗೇಮ್‌ಗಳ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಮಾರಾಟಕ್ಕಿಡಲು ಗೇಮ್ ಒಂದಕ್ಕೆ 100 ಡಾಲರ್. ಪುಣೆಯ ಒಂದು ಚಿಕ್ಕ ತಂಡ 2020ರಲ್ಲಿ ‘ರಾಜಿ’ ಎಂಬ ಗೇಮ್ ತಂದಾಗ, ದುರ್ಗೆಯೂ ವಿಷ್ಣುವೂ ಹೇಳುವ ಕಥೆಯನ್ನು ಹೊರದೇಶದವರೂ ಆಡಿದರು. ಹೊರಗಿನವರ ಗೇಮ್‌ಗಳಿಗೆ ಮರ, ಕಲ್ಲು, ಕಾರು ಮಾಡಿಕೊಟ್ಟು ಪಳಗಿದ ಕೈಗಳು ಬೆಂಗಳೂರಿನಲ್ಲೂ ಇವೆ. ಅವರಲ್ಲಿ ಕೆಲವರಾದರೂ ಎದ್ದು ಬರದೆ ನಮ್ಮ ಕಥೆಗಳು ಪರದೆಗೆ ಬರುವುದಿಲ್ಲ.

ವಿರೋಧ

ಬರೋನ್ ಅವರ ಕಥೆಯನ್ನು ಪೂರ್ತಿ ಹೇಳಬೇಕು. ಆ ವರ್ಷಗಳಲ್ಲಿ ಅವರು ಸಿಯಾಟಲ್‌ನ ರಂಗಮಂದಿರವೊಂದರಲ್ಲಿ ಪ್ರೇಕ್ಷಕರಿಗೆ ಸೀಟು ತೋರಿಸುವ ಅರೆಕಾಲಿಕ ಕೆಲಸ ಮಾಡುತ್ತಿದ್ದರು. ಸಂಗಾತಿಯೂ ದುಡಿದು ಮನೆ ತೂಗಿಸಿದರು. ‘ರಾಜಿ’ ತಂಡ 2017ರಲ್ಲಿ, ಜನರಿಂದ ಹಣ ಕೂಡಿಸುವ ಜಾಲತಾಣ ಕಿಕ್‌ಸ್ಟಾರ್ಟರ್‌ನಲ್ಲಿ ಕೇಳಿದಷ್ಟು ಹಣ ಕೂಡಲಿಲ್ಲ; ಸಂಸ್ಥಾಪಕರಲ್ಲೊಬ್ಬರಾದ ಶ್ರುತಿ ಘೋಷ್ ತಮ್ಮ ಫ್ಲ್ಯಾಟನ್ನೇ ಮಾರಿದರು. ಮಾರಲು ಫ್ಲ್ಯಾಟ್ ಇಲ್ಲದವರ ಗತಿ?

ಲೆಕ್ಕ ಹಾಕೋಣ. ತಿಂಗಳಿಗೆ 40 ಸಾವಿರದಂತೆ ಮೂರು ವರ್ಷದ ಮನೆಖರ್ಚು 14 ಲಕ್ಷ 40 ಸಾವಿರ. ಗೇಮ್ ಬೆಲೆ 500 ರೂಪಾಯಿ ಎಂದಿಟ್ಟುಕೊಳ್ಳಿ. ಸ್ಟೀಮ್ ಶೇ 30 ಹಿಡಿದುಕೊಂಡ ಮೇಲೆ ಕೈಗೆ 350. ತೆರಿಗೆಯನ್ನು ಬದಿಗಿಟ್ಟರೂ, ಹಾಕಿದ ದುಡ್ಡು ಹುಟ್ಟಬೇಕಾದರೆ 4,100ಕ್ಕೂ ಹೆಚ್ಚು ಕಾಪಿ ಹೋಗಬೇಕು. ಜನ ರಿಯಾಯಿತಿಗೆ ಕಾಯುತ್ತಾರೆ. ಅರ್ಧ ಬೆಲೆಗೆ ಕೊಟ್ಟರೆ ಎಂಟು ಸಾವಿರ ದಾಟಬೇಕು. ಇನ್ನೊಂದು ಸಂಕಟವಿದೆ. ಸ್ಟೀಮ್‌ನಲ್ಲಿ ಕೊಂಡವರು ಹದಿನಾಲ್ಕು ದಿನದೊಳಗೆ, ಆಡಿದ್ದು ಎರಡು ಗಂಟೆಗಿಂತ ಕಡಿಮೆಯಿದ್ದರೆ, ಹಣ ವಾಪಸ್ ಕೇಳಬಹುದು. ಒಂದೂವರೆ ಗಂಟೆಯ ಚೆಂದದ ಗೇಮ್ ಮಾಡಿದವರಿಗೆ ಇದು ಎಂಥ ಪೆಟ್ಟು! ಪೂರ್ತಿ ಆಡಿ ಮುಗಿಸಿದವರೂ ದುಡ್ಡು ಹಿಂದಕ್ಕೆ ಪಡೆಯಬಹುದು.

2024ರಲ್ಲಿ ಸ್ಟೀಮ್‌ಗೆ ಬಂದ ಗೇಮ್‌ಗಳು 18 ಸಾವಿರಕ್ಕೂ ಹೆಚ್ಚು, ದಿನಕ್ಕೆ ಸುಮಾರು ಐವತ್ತು. ಆ ಜಾತ್ರೆಯಲ್ಲಿ ಹುಡುಗಿ ಎಷ್ಟು ಚೆಂದ ಗೋಡೆ ಹಾರಿದರೂ ನಿಂತು ನೋಡುವವರು ಸಿಗುವುದು ಕಷ್ಟ. ಸಂಬಳ ಬರುತ್ತಿರುವಾಗಲೇ, ಆರು ತಿಂಗಳು ಹಿಡಿದರೂ ಸರಿ, ಒಂದು ಪುಟ್ಟ ಗೇಮ್ ಮುಗಿಸಿ ಮಾರಾಟಕ್ಕಿಡಿ. ಗುರುತು ಪರಿಚಯ ಇಲ್ಲದ ಎಷ್ಟು ಜನ ಕೊಂಡರು ಎಂದು ನೋಡಿಕೊಂಡು ಆಮೇಲೆ ರಾಜೀನಾಮೆ ಬರೆಯಿರಿ.