ಟ್ಯಾಂಕರ್ ಚಾಲಕ ಕೇಳಿದ ಪ್ರಶ್ನೆ

ಹೋದ ಮಳೆಗಾಲದಲ್ಲಿ ನಮ್ಮ ಮನೆಯ ಮಲಗುಂಡಿ ಉಕ್ಕಿತು. ಹನ್ನೊಂದು ವರ್ಷ ಅದರ ಚಪ್ಪಡಿ ಸರಿಸಿದವರಿರಲಿಲ್ಲ. ಸಕ್ಕಿಂಗ್ ಯಂತ್ರದವರು ಬಂದರು, ಪೈಪು ಇಳಿಸಿದರು, ಹೀರಿದರು, ದುಡ್ಡು ಎಣಿಸಿಕೊಂಡು ಹೊರಟರು. ಸಂಜೆ ಕೆರೆ ಕೋಡಿಯ ಹತ್ತಿರ ಅದೇ ಟ್ಯಾಂಕರ್ ನಿಂತಿತ್ತು. ನಮ್ಮ ಮನೆಯ ಹನ್ನೊಂದು ವರ್ಷದ ಹೊಲಸು, ಊರಿನ ಎಮ್ಮೆಗಳು ನೀರು ಕುಡಿಯುವ ಕಾಲುವೆಗೆ ಇಳಿಯುತ್ತಿತ್ತು. ಕೂಗಾಡಿದೆ. ಚಾಲಕ ಸಿಟ್ಟಾಗಲಿಲ್ಲ. "ಮತ್ತೆಲ್ಲಿ ಸುರಿಯಲಿ ಅಣ್ಣಾ? ನೀವೇ ಜಾಗ ತೋರಿಸಿ" ಎಂದ.

ತೋರಿಸಲು ನನ್ನ ಬಳಿ ಜಾಗವಿರಲಿಲ್ಲ. ನಮ್ಮ ಪುರಸಭೆಯ ಬಳಿಯೂ ಇಲ್ಲ.

ಆ ಮಾತು ಮನಸ್ಸಿನಿಂದ ಹೋಗಲೇ ಇಲ್ಲ. ಕೊನೆಗೆ ದೇವನಹಳ್ಳಿಗೆ ಹೋಗಿ ನೋಡಿಕೊಂಡು ಬಂದೆ. ಅಲ್ಲಿ 2015ರಲ್ಲಿ ಮಲತ್ಯಾಜ್ಯ ಸಂಸ್ಕರಣಾ ಘಟಕವೊಂದು ಶುರುವಾಯಿತು. ಒಂದು ಇಡೀ ಪಟ್ಟಣದ ಮಲಗುಂಡಿಗಳಿಗಾಗಿಯೇ ಕಟ್ಟಿದ್ದು; ದೇಶದಲ್ಲಿ ಇಂಥದ್ದು ಮೊದಲು ಬಂದದ್ದು ಅಲ್ಲೇ. ದಿನಕ್ಕೆ 6,000 ಲೀಟರ್ ಸಾಮರ್ಥ್ಯ, ಅಂದರೆ ಒಂದೆರಡು ಟ್ಯಾಂಕರ್. ಟ್ಯಾಂಕರ್ ತಂದು ಸುರಿದದ್ದು ಜಾಲರಿ ದಾಟಿ ಒಂದು ತೊಟ್ಟಿಗೆ ಬೀಳುತ್ತದೆ, ಅಲ್ಲಿಂದ ಗಾಳಿಯಾಡದ ಕೋಣೆಗಳಲ್ಲಿ ಕೊಳೆತು, ಮರಳು-ಜಲ್ಲಿಯ ಹಾಸಿನ ಮೇಲೆ ಒಣಗುತ್ತದೆ. ಬಸಿದ ನೀರು ಜಲ್ಲಿಯಲ್ಲಿ ಬೇರುಬಿಟ್ಟ ಗಿಡಗಳ ನಡುವೆ ಹಾದು ತಿಳಿಯಾಗುತ್ತದೆ. ಹೆಚ್ಚಿನ ಕೆಲಸವೆಲ್ಲ ಇಳಿಜಾರಿನದೇ, ಕರೆಂಟು ಕೈಕೊಟ್ಟರೆ ನಿಂತುಹೋಗುವ ವ್ಯವಸ್ಥೆಯಲ್ಲ. ಒಣಗಿದ್ದನ್ನು ಊರಿನ ಹಸಿಕಸದ ಜೊತೆ ಸೇರಿಸಿ ಗೊಬ್ಬರ ಮಾಡುತ್ತಾರೆ. ಬೇಸಿಗೆಯ ಕೆರೆಯಂಗಳದ ಹಾಗೆ ಬಿರುಕು ಬಿಟ್ಟ ಒಂದು ಹೆಂಟೆಯನ್ನು ಕೈಯಲ್ಲಿ ಹಿಡಿದು ಮೂಸಿದೆ. ಮಣ್ಣಿನ ವಾಸನೆ, ಅಷ್ಟೇ.

ಗೊಬ್ಬರದ ವಿಷಯ ಹೊಸದೇನಲ್ಲ. ಬೆಂಗಳೂರಿನ ಸುತ್ತಮುತ್ತ ಎಷ್ಟೋ ರೈತರು ಟ್ಯಾಂಕರಿನವರಿಂದ ಹಸಿಯಾಗಿಯೇ ಹಾಕಿಸಿಕೊಂಡು ಬಾಳೆ ಬೆಳೆದಿದ್ದಾರೆ. ಅವರ ಲೆಕ್ಕ ತಪ್ಪಲ್ಲ, ಅದರಲ್ಲಿ ಸತ್ವವಿದೆ. ಆದರೆ ಜಂತುಹುಳುವಿನ ಮೊಟ್ಟೆಗಳೂ ಇವೆ. ಗೊಬ್ಬರದ ರಾಶಿ ಒಳಗೊಳಗೇ ಚೆನ್ನಾಗಿ ಬಿಸಿಯೇರದೆ ಅವು ಬೇಗ ಸಾಯುವುದಿಲ್ಲ.

ನಮ್ಮೂರಿನಲ್ಲಿ ಪ್ರತಿ ಚುನಾವಣೆಗೂ ಒಳಚರಂಡಿಯ ಭರವಸೆ ಬರುತ್ತದೆ. ಬರಲಿ, ನನಗೆ ವಿರೋಧವಿಲ್ಲ. ಆದರೆ ರಸ್ತೆ ಅಗೆಯಬೇಕು, ಕೊಳವೆ ಹೂಳಬೇಕು, ಮನೆಮನೆಗೂ ಸಂಪರ್ಕ ಕೊಡಬೇಕು, ಪಂಪು ನಡೆಸಬೇಕು, ಆ ಕರೆಂಟು ಬಿಲ್ಲನ್ನು ತಿಂಗಳು ತಿಂಗಳು ಕಟ್ಟಬೇಕು. ಅಲ್ಲಿಯವರೆಗೆ ಈ ಗುಂಡಿಗಳು ತುಂಬದೆ ಕಾಯುತ್ತವೆಯೇ?

ಮಲಗುಂಡಿಯನ್ನು ಎರಡು ಮೂರು ವರ್ಷಕ್ಕೊಮ್ಮೆ ಖಾಲಿ ಮಾಡಿಸಬೇಕು. ನಾವು ಮೂಗಿಗೆ ಬಡಿಯುವವರೆಗೆ ಮಾಡಿಸುವುದಿಲ್ಲ. ತಳದಲ್ಲಿ ಕೂತದ್ದು ಗಟ್ಟಿಯಾದರೆ ಪೈಪು ಹೀರುವುದಿಲ್ಲ, ಆಗ ಯಾರನ್ನಾದರೂ ಒಳಗೆ ಇಳಿಸುವ ಮಾತು ಬರುತ್ತದೆ. ನಮ್ಮ ಮನೆಯಲ್ಲೂ ಬಂತು. ಅಪ್ಪ ಬೇಡವೇ ಬೇಡ ಎಂದರು. 2013ರ ಕಾಯ್ದೆ ಅದನ್ನು ನಿಷೇಧಿಸಿದೆ, ಗುಂಡಿಯಲ್ಲಿ ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ. ಹಾಗಿದ್ದರೂ ಇಳಿಸುತ್ತಾರೆ, ಸಾಯುತ್ತಾರೆ. ಯಾವ ಜಾತಿಯವರು ಇಳಿಯುತ್ತಾರೆ ಎಂದು ಎಲ್ಲರಿಗೂ ಗೊತ್ತು.

ಆದ್ದರಿಂದ ಘಟಕ ಕಟ್ಟಿ ಬೀಗ ಹಾಕಿದರೆ ಸಾಲದು. ಯಾವ ಓಣಿಯ ಗುಂಡಿ ಯಾವ ವರ್ಷ ಎಂದು ಪುರಸಭೆ ಪಟ್ಟಿ ಮಾಡಲಿ. ಮನೆಗಂದಾಯದ ಜೊತೆಗೇ ಒಂದಿಷ್ಟು ಹಣ ಪಡೆಯಲಿ, ನಾನು ಸಂತೋಷದಿಂದ ಕಟ್ಟುತ್ತೇನೆ. ಟ್ಯಾಂಕರಿನವನಿಗೆ ಗುಂಡಿ ಹೀರಿದ್ದಕ್ಕಲ್ಲ, ಘಟಕಕ್ಕೆ ತಲುಪಿಸಿದ್ದಕ್ಕೆ ದುಡ್ಡು ಸಿಗಲಿ. ಡೀಸೆಲ್ ಸುಟ್ಟು ಅಷ್ಟು ದೂರ ಹೋಗಲು ಅವನಿಗೂ ಒಂದು ಕಾರಣ ಬೇಕಲ್ಲ.

ವಾರ್ಡ್ ಸಭೆಯಲ್ಲಿ ಇದನ್ನೆಲ್ಲ ಹೇಳಿದಾಗ ಎಲ್ಲರೂ ತಲೆಯಾಡಿಸಿದರು. ಜಾಗದ ಮಾತು ಬಂದ ಕೂಡಲೇ "ನಮ್ಮ ಬಡಾವಣೆಯ ಕಡೆ ಮಾತ್ರ ಬೇಡ" ಎಂದರು. ನಮ್ಮ ಮನೆಯ ಹಿಂದಿನ ಸರ್ಕಾರಿ ಜಾಗದಲ್ಲಿ ಕಟ್ಟಿದರೂ ನನ್ನ ಒಪ್ಪಿಗೆ ಇದೆ ಎಂದು ಅರ್ಜಿಯಲ್ಲಿ ಬರೆದಿದ್ದೇನೆ. ಈವರೆಗೆ ಹದಿನಾಲ್ಕು ಸಹಿಗಳಾಗಿವೆ. ಊರಿನವರು ಯಾರಾದರೂ ಇದನ್ನು ಓದುತ್ತಿದ್ದರೆ, ಭಾನುವಾರ ಬೆಳಿಗ್ಗೆ ಮನೆಗೆ ಬನ್ನಿ.