ಅರಗಿನ ತಟ್ಟೆಗೆ ಸ್ಪಿರಿಟ್ ಬೇಡ

ಬೂಸ್ಟು ಹಿಡಿದ ಹಳೇ ಗ್ರಾಮಫೋನ್ ರೆಕಾರ್ಡ್‌ಗಳನ್ನು ಸ್ಪಿರಿಟ್‌ನಲ್ಲಿ ಒರೆಸಿ ಅಂತ ಬರೆದಿದ್ದೀರಿ. ದಯವಿಟ್ಟು 78 ಆರ್‌ಪಿಎಂ (ನಿಮಿಷಕ್ಕೆ 78 ಸುತ್ತು ತಿರುಗುವ) ತಟ್ಟೆಗಳಿಗೆ ಹಾಗೆ ಮಾಡಬೇಡಿ. ಅವು ಅರಗಿನವು, ಸ್ಪಿರಿಟ್‌ಗೆ ಕರಗುತ್ತವೆ. ಭಟ್ಟಿ ಇಳಿಸಿದ ನೀರಲ್ಲಿ ಅದ್ದಿದ ಮೆತ್ತನೆ ಬಟ್ಟೆಯಿಂದ ಗೆರೆಗಳ ಗುಂಟ ಒರೆಸಿ, ತಕ್ಷಣ ಒಣಗಿಸಿದರೆ ಸಾಕು. ನಡುವಿನ ಲೇಬಲ್ ಮಾತ್ರ ನೆನೆಯಬಾರದು.

ಮಡಿಕೇರಿಯಲ್ಲಿ ಜುಲೈ ಬಂತೆಂದರೆ ರಟ್ಟಿನ ಕವರ್‌ಗಳೂ ತಣ್ಣಗೆ ಅಂಟುತ್ತವೆ. ನಾನು ಹೊರಗೋಡೆಗೆ ತಾಗದ ಕಪಾಟಿನಲ್ಲಿ ನೇರವಾಗಿ ನಿಲ್ಲಿಸಿಡುತ್ತೇನೆ.

ಇಷ್ಟು ಜೋಪಾನ ಯಾಕೆ ಅಂದ್ರೆ, ಗಂಗೂಬಾಯಿ ಹಾನಗಲ್ ಅವರ ಶುರುವಿನ ರೆಕಾರ್ಡ್‌ಗಳು ಇಂಥ ತಟ್ಟೆಗಳಲ್ಲೇ, 'ಗಾಂಧಾರಿ' ಹೆಸರಲ್ಲಿ ಬಂದಿದ್ದವು. ಆಗಿನ್ನೂ ಅವರದು ತೆಳು ದನಿ. ಒಂದು ಬದಿಗೆ ಮೂರೇ ನಿಮಿಷ, ಅಷ್ಟರಲ್ಲೇ ರಾಗ ಪೂರ್ತಿ ಕಣ್ಣಿಗೆ ಕಟ್ಟುತ್ತೆ! ಅಂಥದ್ದು ಯಾರ ಮನೆ ಅಟ್ಟದಲ್ಲಿದ್ದರೂ ಮೊದಲು ಡಿಜಿಟಲ್ ಪ್ರತಿ ಮಾಡಿಸಿಕೊಳ್ಳಿ.