ಗಿರಣಿ ಯಾಕೆ ಬಂದ್ ಅದ?

ಇವತ್ತು ಬೆಳಿಗ್ಗೆ ನಮ್ಮ ಟ್ಯಾಂಕ್ ಅರ್ಧ ತಾಸು ತುಂಬಿ ಹರಿಯಿತು. ಕಲಬುರಗಿಯಲ್ಲಿ, ಅದೂ ಮೇ ತಿಂಗಳಲ್ಲಿ! ಎದುರುಮನೆಯವರು ನೋಡಿದ ನೋಟ ಇನ್ನೂ ಚುಚ್ಚುತ್ತಿದೆ.

ಮೋಟಾರ್ ಬಂದ್ ಮಾಡಲೆಂದೇ ಕೆಳಗಿಳಿದಿದ್ದೆ. ಕೈಯಲ್ಲಿ ಜೋಳದ ಚೀಲ ಬೇರೆ. ಕಟ್ಟೆಯ ಮೇಲೆ ಕಾಕಾ ಕೂತಿದ್ದರು. ‘ಗಿರಣಿ ತೆಗದದೇನ್ರಿ ಕಾಕಾ?’ ಅಂದೆ. ತಪ್ಪು ನನ್ನದೇ.

‘ಇಲ್ಲೋ ತಮ್ಮಾ, ಬಂದ್ ಅದ. ಗಿರಣಿಯವನ ಅಳಿಯ ಸೇಡಂಗೆ ಹೋಗ್ಯಾನ. ಅಳಿಯ ಅಂದ್ರ ಯಾರಂತ ತಿಳದಿ? ಶಹಾಬಾದದಾಗ ಫರಸಿ ಖಣಿ ಇತ್ತಲ್ಲ, ಅವರ ಮೊಮ್ಮಗ. ಆ ಖಣಿ ಯಾಕ ಮುಚ್ತು ಗೊತ್ತೇನು? ಕುಂದ್ರು, ಹೇಳ್ತೀನಿ.’

ಕೂತೆ. ಖಣಿಯಿಂದ ಒಂದು ಲಾರಿ ಹೊರಬಂತು. ಲಾರಿಯಿಂದ ಡ್ರೈವರ್ ಇಳಿದ. ಡ್ರೈವರನಿಗೆ ಎರಡನೇ ಮದುವೆ. ಮದುವೆಯಲ್ಲಿ ಹುಗ್ಗಿ. ಹುಗ್ಗಿಗೆ ಬೆಲ್ಲ ಜಾಸ್ತಿ. ಆ ಬೆಲ್ಲ ತಂದವನು ಯಾರಪ್ಪಾ ಅಂದರೆ...

ಹೀಗೆ ಮಾತಿನೊಳಗೆ ಮಾತು, ವಿಚಾರದೊಳಗೆ ವಿಚಾರ ಕೂರಿಸುವುದಕ್ಕೆ ರಿಕರ್ಷನ್ ಅಂತಾರೆ. ಮನುಷ್ಯರ ಭಾಷೆಗಷ್ಟೇ ಇರುವ ಗುಣ ಇದೇ ಇರಬಹುದು ಎಂದು ಹೌಸರ್, ಚಾಮ್‌ಸ್ಕಿ, ಫಿಚ್ ಎಂಬ ಮೂವರು ವಿದ್ವಾಂಸರು 2002ರಲ್ಲಿ ಬರೆದರು. 2005ರಲ್ಲಿ ಡೇನಿಯಲ್ ಎವರೆಟ್ ಎಂಬ ಭಾಷಾವಿಜ್ಞಾನಿ ಎದ್ದುನಿಂತು, ಅಮೆಜಾನ್ ಕಾಡಿನ ಪಿರಹಾ ಭಾಷೆಯಲ್ಲಿ ವಾಕ್ಯದೊಳಗೆ ವಾಕ್ಯ ಕೂರುವುದೇ ಇಲ್ಲ ಅಂದರು. ನನಗೆ ಖುಷಿಯಾಗಿತ್ತು. ಆದರೆ ಆ ಪಿರಹಾ ಜನರ ಕಥೆಗಳಲ್ಲಿ ವಿಚಾರದೊಳಗೆ ವಿಚಾರ ಇರುತ್ತದಂತೆ. ಅಂದರೆ ಕಾಕಾನಿಂದ ಅಲ್ಲಿಯೂ ಬಿಡುಗಡೆ ಇಲ್ಲ.

ಕನ್ನಡವಂತೂ ಕಾಕಾನಿಗಾಗಿಯೇ ಹುಟ್ಟಿದ್ದು. ಸೇಡಂಗೆ ಹೋದ ಅಳಿಯ ಕೊಂಡ ಲಾರಿ ಓಡಿಸಿದ ಡ್ರೈವರ್ ತಿಂದ ಹುಗ್ಗಿ... ಪೋಣಿಸುತ್ತಾ ಹೋಗಿ, ವ್ಯಾಕರಣ ಎಲ್ಲೂ ‘ಸಾಕು’ ಅನ್ನುವುದಿಲ್ಲ. ಸಾಕಾಗುವುದು ತಲೆಗೆ. ಒಳಗೆ ತೆರೆದದ್ದನ್ನು ಮುಗಿಸಿ ಒಂದೊಂದೇ ಮೆಟ್ಟಿಲು ಹತ್ತಿ ಹೊರಗೆ ಬರಬೇಕಲ್ವಾ? ನಾನು ಬೆಲ್ಲಕ್ಕೆ ತಲುಪುವಷ್ಟರಲ್ಲಿ ಮೋಟಾರ್ ಮರೆತೇಹೋಗಿತ್ತು.

ಮೊದಲೆಲ್ಲ ಒಳಗಿನಿಂದ ಕಾಕಿ ಕೂಗುತ್ತಿದ್ದರು: ‘ಗಿರಣಿದು ಹೇಳ್ರಿ ಮೊದಲ!’ ಕಾಕಾ ಅಲ್ಲಿಂದಲೇ ತಿರುಗಿ ಬರುತ್ತಿದ್ದರು. ಕಾಕಿ ಹೋಗಿ ಎರಡು ವರ್ಷ ಆಯಿತು. ಇವತ್ತು ಬೆಲ್ಲದ ಹತ್ತಿರ ಕಾಕಾ ಸುಮ್ಮನಾದರು. ಬಾಗಿಲ ಕಡೆ ನೋಡಿದರು. ಆಮೇಲೆ ನನ್ನನ್ನೇ ಕೇಳಿದರು, ‘ಎಲ್ಲಿತನಾ ಹೇಳಿದ್ದೆ?’

‘ಬೆಲ್ಲ, ಕಾಕಾ’ ಅಂದೆ. ಗಿರಣಿ ಅನ್ನಬಹುದಿತ್ತು. ಅನ್ನಲಿಲ್ಲ.

ಅಷ್ಟರಲ್ಲಿ ಮೇಲಿಂದ ಹೆಂಡತಿ ‘ಮೋಟಾರ್!’ ಎಂದು ಕಿರುಚಿದಳು. ಓಡಿದೆ. ಜೋಳದ ಚೀಲ ಕಟ್ಟೆಯ ಮೇಲೇ ಉಳಿದಿದೆ. ಹೋಗಿ ತರಬೇಕು. ಕಿಟಕಿಯಿಂದ ನೋಡಿದೆ, ಕಾಕಾ ಅದರ ಪಕ್ಕದಲ್ಲೇ ಕೂತಿದ್ದಾರೆ.